ಹಳೆ ಫೈಬರ್ ನಾಡದೋಣಿ ಕೊಳ್ಳುವ ಮುನ್ನ: ಕಾಗದ, ತಳ, ಎಂಜಿನ್ ಪರೀಕ್ಷಿಸುವ ಕ್ರಮ

ಮಂಗಳೂರಿನಿಂದ ಕಾರವಾರದವರೆಗೆ ಕೈ ಬದಲಾಗುವ ಹಳೆ ದೋಣಿಗಳಲ್ಲಿ 28ರಿಂದ 32 ಅಡಿಯ ಫೈಬರ್ ನಾಡದೋಣಿಗಳು ಬಹಳ. ಹೆಚ್ಚಿನವಕ್ಕೆ ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಇರುತ್ತದೆ. ಕೊಳ್ಳಲು ಹೋದವರು ಮೊದಲು ನೋಡುವುದು ಆ ಎಂಜಿನ್ನನ್ನೇ. ಆದರೆ ಎಂಜಿನ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಿಸಬಹುದು, ಬಿಡಿಭಾಗ ಸಿಗುತ್ತದೆ, ಕೊನೆಗೆ ಬೇರೆಯದನ್ನೇ ತಂದು ಕೂರಿಸಬಹುದು. ನೀರು ಕುಡಿದ ಟ್ರಾನ್ಸಮ್ (ಎಂಜಿನ್ ಕೂರುವ ಹಿಂಬದಿ ಗೋಡೆ), ಒಳಗೆ ಕೊಳೆತ ಅಡ್ಡಪಟ್ಟಿ (ತಳವನ್ನು ಒಳಗಿನಿಂದ ಬಿಗಿಹಿಡಿಯುವ ಪಟ್ಟಿ), ಸಾಲಕ್ಕೆ ಸಿಕ್ಕಿಬಿದ್ದ ನೋಂದಣಿ, ಇವು ಮೂರೂ ಕೊಂಡವರ ತಲೆಗೆ ಬರುತ್ತವೆ, ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಒಣ ನೆಲದಲ್ಲಿ ದೋಣಿ, ಆಮೇಲೆ ತಣ್ಣಗಿರುವ ಎಂಜಿನ್, ಕೊನೆಗೆ ನೀರು. ಯಾವ ಹಂತದಲ್ಲಿ ದೋಣಿ ಸೋತರೂ ಅಲ್ಲಿಗೇ ನಿಲ್ಲಿಸಿ, ಮುಂದಿನ ಹಂತಕ್ಕೆ ಖರ್ಚು ಮಾಡಬೇಡಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ದೋಣಿಗಳು ದಡಕ್ಕೆ ಏರಿರುತ್ತವೆ, ತಳ ಪೂರ್ತಿ ಕಣ್ಣಿಗೆ ಸಿಗುತ್ತದೆ. ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಪುಟ್ಟಿ ತುಂಬಿ ಬಣ್ಣ ಬಳಿಯುವ ಕಾಲವೂ ಅದೇ. ಮಾರಾಟಕ್ಕೆ ಇಟ್ಟ ದೋಣಿಯ ತಳಕ್ಕೆ ಹೊಸ ಬಣ್ಣ ಬಿದ್ದಿದ್ದರೆ ಅದನ್ನು ಅಂದವೆಂದು ಎಣಿಸಬೇಡಿ. ಬಣ್ಣ ಬಳಿಯುವ ಮೊದಲು ತೆಗೆದ ಫೋಟೋ ಕೇಳಿ. ಇಲ್ಲವೆಂದರೆ ನಾಲ್ಕೈದು ಕಡೆ ಅಂಗೈ ಅಗಲ ಬಣ್ಣ ಕೆರೆದು ನೋಡಲು ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಬೇರೆ ದೋಣಿ ಹುಡುಕುವುದೇ ಲೇಸು.

ಕಾಗದ

ನೋಂದಣಿ ಪತ್ರದ ಪ್ರತಿಯನ್ನು ಮುಂಚಿತವಾಗಿ ತರಿಸಿಕೊಳ್ಳಿ. ಮೀನುಗಾರಿಕಾ ದೋಣಿಗಳ ನೋಂದಣಿ ಈಗ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತದೆ. ಸಂಖ್ಯೆ ಐಎನ್‌ಡಿ-ಕೆಎ ಎಂದು ಶುರುವಾಗಿ, ಮುಂದೆ ಜಾಗದ ಸಂಖ್ಯೆ, ದೋಣಿಯ ಬಗೆ ತಿಳಿಸುವ ಎರಡು ಅಕ್ಷರ, ಕೊನೆಗೆ ಕ್ರಮಸಂಖ್ಯೆ ಇರುತ್ತದೆ. ಎಂಎಂ ಎಂದರೆ ಒಳಗೇ ಎಂಜಿನ್ ಕೂರಿಸಿದ ಯಾಂತ್ರಿಕ ದೋಣಿ, ಎಂಒ ಎಂದರೆ ಔಟ್‌ಬೋರ್ಡ್‌ನಂಥ ಮೋಟಾರು ಅಳವಡಿಸಿದ್ದು. ದೋಣಿಯ ಮೈಮೇಲೆ ಬರೆದ ಸಂಖ್ಯೆಯೂ ಪತ್ರದ್ದೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ಬರೆದ ಸಂಖ್ಯೆಯ ಕೆಳಗೆ ಹಳೆ ಸಂಖ್ಯೆಯ ನೆರಳು ಕಂಡರೆ ಏಕೆಂದು ಕೇಳಿ.

ಪತ್ರದಲ್ಲಿರುವ ಉದ್ದ, ಅಗಲ, ಕಟ್ಟಿದ ವರ್ಷ, ಎಂಜಿನ್ ಕಂಪನಿ, ಎಚ್‌ಪಿ, ಸೀರಿಯಲ್ ಸಂಖ್ಯೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಟೇಪು ಹಿಡಿದು ದೋಣಿ ಅಳೆಯಿರಿ. ಒಂದೆರಡು ಇಂಚಿನ ವ್ಯತ್ಯಾಸ ಅಳತೆಯ ದೋಷವಿರಬಹುದು. ಒಂದೆರಡು ಅಡಿ ವ್ಯತ್ಯಾಸ ಬಂದರೆ ಒಂದೋ ದೋಣಿಯನ್ನು ಉದ್ದ ಮಾಡಿಸಿದ್ದಾರೆ, ಇಲ್ಲವೇ ಪತ್ರ ಬೇರೆ ದೋಣಿಯದು. ಮುರಿದು ಮೂಲೆ ಸೇರಿದ ದೋಣಿಯ ಕಾಗದವನ್ನು ಇನ್ನೊಂದಕ್ಕೆ ತೊಡಿಸಿದ್ದರೆ ಅದು ಬಯಲಾಗುವುದು ಈ ಅಳತೆಯಲ್ಲೇ.

ಹೊರರಾಜ್ಯದ ದೋಣಿಯಾದರೆ ಅಲ್ಲಿನ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೂ ಹಣ ಕೊಡಬೇಡಿ. ಅದಿಲ್ಲದೆ ಇಲ್ಲಿನ ಹೆಸರಿಗೆ ಬದಲಾಯಿಸಲು ಹೋದರೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ, ಅಷ್ಟು ದಿನವೂ ದೋಣಿ ದಡದಲ್ಲೇ.

ಮಾರುವವರ ಹೆಸರೇ ನೋಂದಣಿಯಲ್ಲಿ ಇದೆಯೇ? ಕರಾವಳಿಯಲ್ಲಿ ಅಣ್ಣ ತಮ್ಮಂದಿರು, ಭಾವ ಮೈದುನರು, ಊರಿನ ನಾಲ್ವರು ಸೇರಿ ಒಂದು ದೋಣಿ ಕೊಳ್ಳುವುದು ಸಾಮಾನ್ಯ. ಪತ್ರದಲ್ಲಿ ಒಬ್ಬರ ಹೆಸರು, ಪಾಲು ನಾಲ್ವರದು. ಪಾಲುದಾರರೆಲ್ಲರ ಸಹಿ ಕರಾರಿನಲ್ಲಿ ಇರಲೇಬೇಕು. ಹೆಸರಿದ್ದವರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಲಿ, ಆಮೇಲೆ ನಿಮ್ಮ ಹೆಸರಿಗೆ.

ಸಾಲದ ವಿಷಯದಲ್ಲಿ ಮೂರು ಕಡೆ ವಿಚಾರಿಸಬೇಕು. ಬ್ಯಾಂಕು ಮತ್ತು ಮೀನುಗಾರರ ಸಹಕಾರ ಸಂಘದ ಸಾಲ ಕಾಗದದಲ್ಲಿ ಕಾಣುತ್ತದೆ. ತೀರಿದೆ ಎಂದರೆ ಬೇಬಾಕಿ ಪತ್ರ ಕೇಳಿ, ಪಾಸ್‌ಬುಕ್ಕಿನ ಕೊನೆಯ ಪುಟ ಸಾಲದು. ಸರ್ಕಾರದ ಸಹಾಯಧನದಲ್ಲಿ ಕೊಂಡ ದೋಣಿ ಅಥವಾ ಎಂಜಿನ್ ಆದರೆ ಮಂಜೂರಾತಿ ಆದೇಶ ಓದಿ, ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಅದರಲ್ಲಿ ಇರಬಹುದು. ಮೂರನೆಯದು ಯಾವ ಕಚೇರಿಯ ಪುಸ್ತಕದಲ್ಲೂ ಕಾಣದ ಸಾಲ. ಮೀನು ಕೊಳ್ಳುವ ದಲ್ಲಾಳಿಯಿಂದ ಮುಂಗಡ ಪಡೆದು ಹಿಡಿದ ಮೀನನ್ನು ಅವರಿಗೇ ಹಾಕುವ ಒಪ್ಪಂದ. ದೋಣಿ ಕೈ ಬದಲಾದ ಮರುದಿನ ಬಾಕಿ ಕೇಳುವವರು ನಿಮ್ಮ ಬಳಿಗೇ ಬರುತ್ತಾರೆ. ಆ ದೋಣಿ ಮೀನು ಇಳಿಸುವ ದಕ್ಕೆಗೆ ಬೆಳಿಗ್ಗೆ ಹೋಗಿ, ಮೀನು ಯಾರಿಗೆ ಹೋಗುತ್ತದೆ, ಲೆಕ್ಕ ಚುಕ್ತಾ ಆಗಿದೆಯೇ ಎಂದು ನೇರವಾಗಿ ಕೇಳಿ. ದೋಣಿಯಲ್ಲಿ ದುಡಿದ ಕಲಾಸಿಗಳಿಗೆ ಬರಬೇಕಾದ ಪಾಲು ಬಾಕಿ ಇದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ದೋಣಿಯ ಮೇಲೆ ದಂಡ ಅಥವಾ ಕೇಸು ಇದೆಯೇ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಎಲ್‌ಇಡಿ ದೀಪ ಬಳಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ದೀಪ, ಜನರೇಟರ್ ಸಮೇತ ಕೊಡುತ್ತೇವೆಂದು ಬೆಲೆ ಏರಿಸಿದರೆ ಆ ಸಾಮಾನಿಗೆ ಒಂದು ರೂಪಾಯಿಯೂ ಕಟ್ಟಬೇಡಿ. ಸೀಮೆಎಣ್ಣೆ ಪರ್ಮಿಟ್ ಕೂಡ ದೋಣಿಯ ಜೊತೆ ತಾನಾಗಿ ಬರುತ್ತದೆಂದು ಎಣಿಸಬೇಡಿ. ನಿಮ್ಮ ಹೆಸರಿಗೆ ಹೇಗೆ ಆಗುತ್ತದೆಂದು ಕಚೇರಿಯಲ್ಲಿ ಕೇಳಿ ತಿಳಿದ ಮೇಲೆ ಬೆಲೆ ಮಾತಾಡಿ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಹೊತ್ತಿಗೆ, 2019ರ ಅಕ್ಟೋಬರ್‌ನ ಕ್ಯಾರ್ ಹೊತ್ತಿಗೆ ಈ ದೋಣಿ ಎಲ್ಲಿತ್ತು? ದಿನ, ಜಾಗ ಹೆಸರಿಸಿ ಕೇಳಿದರೆ ಉತ್ತರ ತೇಲಿಸಿ ಹೇಳುವುದು ಕಷ್ಟ. ದಡದಲ್ಲಿ ಒಂದಕ್ಕೊಂದು ಬಡಿದುಕೊಂಡ ದೋಣಿಗಳು ರಿಪೇರಿಯಾಗಿ ಮತ್ತೆ ನೀರಿಗೆ ಇಳಿದಿರುತ್ತವೆ. ರಿಪೇರಿ ಆಗಿದ್ದು ತಪ್ಪಲ್ಲ. ಎಲ್ಲಿ, ಯಾರು, ಹೇಗೆ ಮಾಡಿದರು ಎಂಬುದು ಗೊತ್ತಿರಬೇಕು. ವಿಮೆಯ ಹಣ ಬಂದಿದ್ದರೆ ಆ ಕಾಗದದಲ್ಲಿ ಹಾನಿಯ ವಿವರ ಇರುತ್ತದೆ, ಅದರ ಪ್ರತಿ ಕೇಳಿ.

ತಳ

ಜೊತೆಗೆ ಒಯ್ಯಬೇಕಾದ್ದು: ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆ, ಸೀಮೆಸುಣ್ಣ, ಟಾರ್ಚ್, ಟೇಪು, 10 ಮೀಟರ್ ನೈಲಾನ್ ದಾರ, ಚೂಪಾದ ದಬ್ಬಣ, ಪ್ಲಗ್ ಸ್ಪ್ಯಾನರ್, ಕಂಪ್ರೆಶನ್ ಗೇಜ್, ಬಿಳಿ ಬಟ್ಟೆ, ಪುಟ್ಟ ಅಯಸ್ಕಾಂತ. ಬೆಳಿಗ್ಗೆ ಹೋಗಿ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಮೈಯ ತಗ್ಗು ಉಬ್ಬು ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಅವು ಕಾಣುವುದಿಲ್ಲ.

ಮೊದಲು ಆಕಾರ. ತಳದ ನಡುವೆ ಮುಂದಿನಿಂದ ಹಿಂದಕ್ಕೆ ಸಾಗುವ ಕೀಲ್‌ನ ನೇರ ಭಾಗಕ್ಕೆ ದಾರ ಬಿಗಿದು ಹಿಡಿಯಿರಿ. ದಾರಕ್ಕೂ ಕೀಲ್‌ಗೂ ನಡುವೆ ಒಂದೇ ಕಡೆ ಸಂದು ಬಿದ್ದರೆ ಬೆನ್ನು ಬಾಗಿದೆ. ಇದಕ್ಕೆ ಕಾರಣ ಹೆಚ್ಚಾಗಿ ಸಮುದ್ರವಲ್ಲ, ಮಳೆಗಾಲ. ಎರಡೇ ದಿಮ್ಮಿಗಳ ಮೇಲೆ ಕೂರಿಸಿ, ತಳದ ಬಿರಟೆ ತೆಗೆಯದೆ ಬಿಟ್ಟ ದೋಣಿಯಲ್ಲಿ ಮಳೆನೀರು ನಿಲ್ಲುತ್ತದೆ. 8 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತಳದಲ್ಲಿ 15 ಸೆಂ.ಮೀ. ನೀರು ನಿಂತರೂ ಅದರ ತೂಕ 1,800 ಕೆ.ಜಿ. ಆ ಭಾರ ವಾರಗಟ್ಟಲೆ ಎರಡು ದಿಮ್ಮಿಗಳ ನಡುವೆ ಜಗ್ಗಿದರೆ ಫೈಬರ್ ಆ ಆಕಾರಕ್ಕೇ ಒಗ್ಗಿಬಿಡುತ್ತದೆ. ಒಳಗೆ ಅಡ್ಡಪಟ್ಟಿಗಳ ಬುಡದಲ್ಲಿ ಬಿರುಕು ಶುರುವಾಗುವುದೂ ಆಗಲೇ. ಬಳಿಕ ಮೂತಿಯ ತುದಿಯಿಂದ ಹಿಂಬದಿಯ ಎರಡು ಮೂಲೆಗಳಿಗೆ ಟೇಪು ಹಿಡಿಯಿರಿ. ಎರಡೂ ಅಳತೆ ಹೆಚ್ಚುಕಡಿಮೆ ಒಂದೇ ಬರಬೇಕು. ಎರಡು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಣಿ ತಿರುಚಿಕೊಂಡಿರಬಹುದು. ಅಂಥದ್ದು ಎಂಜಿನ್ ಎಷ್ಟೇ ನೇರ ಹಿಡಿದರೂ ಒಂದು ಬದಿಗೆ ಎಳೆಯುತ್ತದೆ.

ಈಗ ಸುತ್ತಿಗೆ. ಅರ್ಧ ಅಡಿಗೊಂದರಂತೆ ಹಗುರವಾಗಿ ತಟ್ಟುತ್ತಾ ಹೋಗಿ. ಗಟ್ಟಿ ಫೈಬರ್ ‘ಟಕ್’ ಎಂದು ಚುರುಕಾಗಿ ಸದ್ದು ಕೊಡುತ್ತದೆ. ಪದರ ಬಿಟ್ಟ ಕಡೆ, ನೀರು ಸೇರಿದ ಕಡೆ ಸದ್ದು ‘ದಬ್’ ಎಂದು ಮಂಕಾಗುತ್ತದೆ. ಮಂಕಾದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಕೊನೆಗೆ ದೂರ ನಿಂತು ನೋಡಿ. ಬಿಡಿ ಬಿಡಿ ಗುರುತುಗಳಿದ್ದರೆ ಅದು ಸಣ್ಣ ರಿಪೇರಿಯ ಮಾತು. ಗುರುತುಗಳೆಲ್ಲ ಕೂಡಿ ಒಂದು ಪಟ್ಟೆಯಾದರೆ ಅಲ್ಲಿ ಪದರವೇ ಬಿಟ್ಟಿದೆ. ಒಳಗೆ ಮರದ ಪಟ್ಟಿ ಇರುವ ಜಾಗದಲ್ಲಿ ಸದ್ದು ಸಹಜವಾಗಿ ಬದಲಾಗುತ್ತದೆ. ಆದ್ದರಿಂದ ಎಡದ ಒಂದು ಜಾಗವನ್ನು ಬಲದ ಅದೇ ಜಾಗಕ್ಕೆ ಹೋಲಿಸಿ ನಿರ್ಧರಿಸಿ.

ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು? ಅಳಿವೆ ಬಾಗಿಲು ದಾಟುವಾಗ ತೆರೆ ಬಂದು ಗುದ್ದುವುದು ಮುಂದಿನ ಮೂರನೇ ಒಂದು ಭಾಗಕ್ಕೆ, ಬಿರುಕು ಮೊದಲು ಅಲ್ಲಿ. ಮರಳ ಮೇಲೆ ಎಳೆದು ಏರಿಸುವ ದೋಣಿಯಲ್ಲಿ ಕೀಲ್‌ನ ಅಡಿ, ಅದರಲ್ಲೂ ಹಿಂದಿನ ತುದಿ ಸವೆದಿರುತ್ತದೆ. ಜೆಲ್‌ಕೋಟ್ (ಹೊರಗಿನ ಬಣ್ಣದ ಗಟ್ಟಿ ಪದರ) ಹೋಗಿ ಗಾಜಿನ ನಾರು ಕೂದಲಂತೆ ಎದ್ದಿದ್ದರೆ ಆ ನಾರಿನುದ್ದಕ್ಕೂ ನೀರು ಒಳಗೆ ಏರುತ್ತಿದೆ ಎಂದೇ ತಿಳಿಯಿರಿ. ಕೀಲ್‌ಗೆ ಕಬ್ಬಿಣದ ಪಟ್ಟಿ ಹೊಡೆದಿದ್ದರೆ ಅದರ ಒಂದು ಸ್ಕ್ರೂ ಬಿಚ್ಚಿಸಿ. ತೂತಿನಿಂದ ತುಕ್ಕುನೀರು ಒಸರಿದರೆ ಕೀಲ್‌ನ ಒಳಗಿನ ಮರ ನೆಂದಿದೆ.

ಬಿರುಕುಗಳಲ್ಲಿ ಎರಡು ಬಗೆ. ಜೆಲ್‌ಕೋಟ್ ಮಾತ್ರ ಒಡೆದಿರುವ ಕೂದಲೆಳೆಯ ಬಿರುಕು ವಯಸ್ಸಾದ ದೋಣಿಯಲ್ಲೆಲ್ಲ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಒಂದು ಬಿಂದುವಿನಿಂದ ನಕ್ಷತ್ರದ ಹಾಗೆ ಹರಡಿದ್ದರೆ ಅಲ್ಲಿ ಏಟು ಬಿದ್ದಿದೆ. ಬಿರುಕಿನ ತುದಿಯನ್ನು ದಬ್ಬಣದಿಂದ ಕೆರೆಯಿರಿ. ಕೆಳಗಿನ ಮ್ಯಾಟ್ (ಗಾಜಿನ ನಾರಿನ ಹಾಸು) ಗಟ್ಟಿಯಾಗಿ, ಒಂದೇ ಬಣ್ಣದಲ್ಲಿದ್ದರೆ ಸರಿ. ಬೆಳ್ಳಗೆ ಪುಡಿಯಾಗಿ ಬಂದರೆ ಏಟು ಒಳಗಿನವರೆಗೂ ಹೋಗಿದೆ. ಅದೇ ಜಾಗವನ್ನು ಒಳಗಿನಿಂದಲೂ ನೋಡಿ. ಏಟು ತಿಂದ ಫೈಬರ್‌ನ ಒಳಮೈ ಹಾಲಿನಂತೆ ಬಿಳಿಚಿಕೊಂಡಿರುತ್ತದೆ.

ತಳದಲ್ಲಿ ಗುಳ್ಳೆಗಳಿದ್ದರೆ ಒಂದನ್ನು ಚುಚ್ಚಿ ನೋಡಬೇಕು. ಮುಖ ದೂರ ಇಡಿ, ಕನ್ನಡಕ ಹಾಕಿ, ಒಳಗಿನ ದ್ರವ ಒತ್ತಡದಿಂದ ಚಿಮ್ಮುತ್ತದೆ, ಕಣ್ಣಿಗೆ ಬಿದ್ದರೆ ಉರಿ. ವಿನೆಗರ್‌ನ ಹುಳಿ ವಾಸನೆ ಬಂದರೆ ನೀರು ಜೆಲ್‌ಕೋಟ್ ದಾಟಿ ರೆಸಿನ್‌ನೊಳಗೆ (ನಾರನ್ನು ಹಿಡಿದಿಡುವ ಅಂಟು) ಸೇರಿದೆ. ದಿನಾ ದಡಕ್ಕೆಳೆದು ಒಣಗುವ ದೋಣಿಗಳಲ್ಲಿ ಇದು ಕಡಿಮೆ. ಹೊಳೆಯಲ್ಲೇ ತಿಂಗಳುಗಟ್ಟಲೆ ಕಟ್ಟಿಹಾಕುವವುಗಳಲ್ಲಿ ಹೆಚ್ಚು. ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದರೆ ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ತುಂಬಿದರೆ ಆಯಿತು. ತಳದ ತುಂಬ ಇದ್ದರೆ ಇಡೀ ಜೆಲ್‌ಕೋಟ್ ಕೆರೆಸಿ ತಿಂಗಳುಗಟ್ಟಲೆ ಒಣಗಿಸಬೇಕು, ಕರಾವಳಿಯ ಮಳೆಗಾಲದ ತೇವದಲ್ಲಿ ಅದು ಒಣಗುವುದಿಲ್ಲ.

ಹಳೆ ರಿಪೇರಿ ಸರಿಯಾಗಿದೆಯೇ ಎಂದು ಗುರುತಿಸಲು ಒಂದು ಅಳತೆ ಇದೆ. ಒಳ್ಳೆ ಕೆಲಸಗಾರರು ಒಡೆದ ಜಾಗದ ಸುತ್ತ ಫೈಬರ್ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಕೆರೆದು ಪದರ ಪದರವಾಗಿ ಮ್ಯಾಟ್ ಕೂರಿಸುತ್ತಾರೆ. ತಳ 6 ಮಿ.ಮೀ. ದಪ್ಪವಿದ್ದರೆ ಸುತ್ತ 72 ಮಿ.ಮೀ. ಕೆರೆದಿರಬೇಕು. ಕೆಟ್ಟ ರಿಪೇರಿಯಲ್ಲಿ ತೂತಿಗೆ ಪುಟ್ಟಿ ತುಂಬಿ ಮೇಲೆ ಎರಡು ಪದರ ಅಂಟಿಸಿರುತ್ತಾರೆ. ಬೆರಳಾಡಿಸಿದರೆ ತೇಪೆಯ ಅಂಚು ಮೆಟ್ಟಿಲಿನಂತೆ ಸಿಗುತ್ತದೆ, ತಟ್ಟಿದರೆ ನಡುವೆ ಮಂಕು ಸದ್ದು. ಇದು ಬಿಡುವುದು ಅಲೆಯಲ್ಲೇ.

ಒಳಗೆ ಇಳಿದು ಹಲಗೆಗಳನ್ನು ಎತ್ತಿಸಿ. ಅಡ್ಡಪಟ್ಟಿಗಳು ಬಹುಪಾಲು ಮರದ ಮೇಲೆ ಫೈಬರ್ ಹೊದಿಸಿದ್ದು. ಪಟ್ಟಿಯೂ ತಳವೂ ಸೇರುವ ಗೆರೆಯುದ್ದಕ್ಕೂ ಟಾರ್ಚ್ ಹಿಡಿಯಿರಿ, ಬಿರುಕಿದ್ದರೆ ಅಲ್ಲಿ ಕೊಳೆಯ ಕಪ್ಪು ಗೆರೆ ಕಾಣುತ್ತದೆ. ಕಾಲಿಟ್ಟು ತೂಕ ಹಾಕಿದಾಗ ಗೆರೆ ಬಾಯಿ ತೆರೆದು ಮುಚ್ಚಿದರೆ ಪಟ್ಟಿ ತಳವನ್ನು ಹಿಡಿದುಕೊಂಡಿಲ್ಲ. ತೇಲಲೆಂದು ಮುಚ್ಚಿದ ಗೂಡುಗಳಲ್ಲಿ ಫೋಮ್ ತುಂಬಿರುತ್ತದೆ. ಅದು ನೀರು ಹೀರಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ದೋಣಿಯನ್ನು ಲಾರಿಯಲ್ಲಿ ಸಾಗಿಸುವ ಸಂದರ್ಭ ಬಂದರೆ ವೇ ಬ್ರಿಡ್ಜ್ ಮೇಲೆ ತೂಗಿಸಿ, ಅದೇ ಅಚ್ಚಿನ ಹೊಸ ದೋಣಿಯ ತೂಕವನ್ನು ಕಟ್ಟಿದವರಿಂದ ಕೇಳಿ ಹೋಲಿಸಿ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಭಾರ ಬಂದರೆ ನೀವು ನೀರಿಗೆ ಹಣ ಕೊಡುತ್ತಿದ್ದೀರಿ. ಆ ಭಾರವನ್ನು ಪ್ರತಿದಿನ ಇಂಧನ ಸುಟ್ಟು ಹೊರಬೇಕು.

ಟ್ರಾನ್ಸಮ್

ಇದನ್ನು ಬೇರೆಯಾಗಿ ಹೇಳಲು ಕಾರಣವಿದೆ. ದೋಣಿಯಲ್ಲಿ ಅತಿ ಹೆಚ್ಚು ಒತ್ತಡ ತಡೆಯುವ ಭಾಗ ಇದು, ಅತಿ ಹೆಚ್ಚು ಮುಚ್ಚಿಡುವ ಭಾಗವೂ ಇದೇ. ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಎಂಜಿನ್ ಬೋಲ್ಟಿನ ತೂತಿಗೆ ಸೀಲಂಟ್ ಹಾಕದೆ ಬಿಗಿದಿದ್ದರೆ ನೀರು ಅಲ್ಲಿಂದ ಇಳಿದು ಪ್ಲೈ ಕೊಳೆಯುತ್ತದೆ, ಹೊರಗೆ ಮಾತ್ರ ಏನೂ ಕಾಣುವುದಿಲ್ಲ.

ಎಂಜಿನ್ ಕೂತಿರುವಾಗಲೇ ಅದರ ಕಾಲಿನ (ನೀರಿಗೆ ಇಳಿಯುವ ಉದ್ದ ಭಾಗ) ಕೆಳತುದಿ ಹಿಡಿದು ಬಲವಾಗಿ ಮೇಲಕ್ಕೂ ಕೆಳಕ್ಕೂ ಅಲುಗಿಸಿ, ಇನ್ನೊಬ್ಬರು ಟ್ರಾನ್ಸಮ್‌ನ ಮೇಲಂಚನ್ನೂ ಮೂಲೆಗಳನ್ನೂ ನೋಡುತ್ತಿರಲಿ. ಕ್ಲಾಂಪ್ ಸಡಿಲವಿಲ್ಲದೆಯೂ ಗೋಡೆ ಬಾಗಿದರೆ, ಮೂಲೆಯ ಬಿರುಕು ತೆರೆದರೆ ಒಳಗೆ ಕೊಳೆತಿದೆ. ಬೋಲ್ಟಿನ ವಾಷರ್ ಫೈಬರ್‌ನೊಳಗೆ ಹೂತಿದ್ದರೂ ಅರ್ಥ ಅದೇ, ಒಳಗಿನ ಮರ ಮೆತ್ತಗಾಗಿ ಅದುಮಿಕೊಂಡಿದೆ. ಅನುಮಾನ ತೀರದಿದ್ದರೆ ಒಪ್ಪಿಗೆ ಪಡೆದು ಒಳಬದಿಯಲ್ಲಿ, ಕೆಳಗೆ, 3 ಮಿ.ಮೀ. ಬಿಟ್‌ನಿಂದ ಒಂದು ತೂತು ಕೊರೆಸಿ. ಹೊರಗಿನ ಪದರ ಮುಟ್ಟಬೇಡಿ. ಬರುವ ಹೊಟ್ಟು ಒಣಗಿ ತಿಳಿ ಬಣ್ಣದ್ದಾಗಿದ್ದರೆ ಮರ ಗಟ್ಟಿ. ಕಪ್ಪಗೆ, ಒದ್ದೆಯಾಗಿ, ಬಿಟ್‌ಗೆ ಮೆತ್ತಿಕೊಂಡು ಬಂದರೆ ಟ್ರಾನ್ಸಮ್ ಬದಲಿಸಲೇಬೇಕು. ಪರೀಕ್ಷೆಯ ತೂತನ್ನು ಅಲ್ಲೇ ಎಪಾಕ್ಸಿಯಿಂದ ಮುಚ್ಚಿಸಿ ಬನ್ನಿ.

ಬದಲಿಸುವುದೆಂದರೆ ಎಂಜಿನ್ ಇಳಿಸಿ, ಒಂದು ಬದಿಯ ಫೈಬರ್ ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆತ್ತಿ, ಮರೈನ್ ಪ್ಲೈ ಕೂರಿಸಿ ಮತ್ತೆ ಹೊದಿಸುವ ಕೆಲಸ. ಮಾಡಿಸಬಹುದು, ಆದರೆ ಲೆಕ್ಕ ಹಾಕಿಯೇ. ಫೈಬರ್ ಕೆಲಸದವರಿಂದ ಮೊದಲು ಅಂದಾಜು ಬರೆಸಿಕೊಂಡು ಅಷ್ಟನ್ನೂ ಬೆಲೆಯಲ್ಲಿ ಇಳಿಸಿ ಮಾತಾಡಿ.

ಟ್ರಾನ್ಸಮ್ ಎತ್ತರ ಅಳೆಯುವುದನ್ನೂ ಮರೆಯಬೇಡಿ. ಔಟ್‌ಬೋರ್ಡ್‌ಗಳ ಕಾಲು ಹೆಚ್ಚಾಗಿ 15, 20, 25 ಇಂಚು ಎಂಬ ಮೂರು ಅಳತೆಗಳಲ್ಲಿ ಬರುತ್ತದೆ. ಫ್ಯಾನ್‌ನ (ನೀರಿನಲ್ಲಿ ತಿರುಗಿ ದೋಣಿ ನೂಕುವ ಪ್ರೊಪೆಲ್ಲರ್) ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದಿಂಚು ಮೇಲೆ ಕೆಳಗೆ ಇರಬೇಕು. ತೀರಾ ಮೇಲಿದ್ದರೆ ಫ್ಯಾನ್ ಗಾಳಿ ಹಿಡಿಯುತ್ತದೆ, ತೀರಾ ಕೆಳಗಿದ್ದರೆ ನೀರಿನ ಎಳೆತಕ್ಕೆ ವೇಗ ಇಳಿಯುತ್ತದೆ.

ಎಂಜಿನ್

ನೀವು ಹೋಗುವಷ್ಟರಲ್ಲಿ ಎಂಜಿನ್ ಚಾಲೂ ಮಾಡಿ ಇಟ್ಟಿರಬಾರದು ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪೂರ್ತಿ ತಣಿಯುವವರೆಗೂ ಕಾಯಿರಿ, ಅಷ್ಟರಲ್ಲಿ ಬೇರೆ ಭಾಗ ನೋಡಿದರಾಯಿತು. ತಣ್ಣಗೆ ಚಾಲೂ ಆಗದ ಎಂಜಿನ್ ಬಿಸಿಯಿದ್ದಾಗ ಒಂದೇ ಎಳೆತಕ್ಕೆ ಚಾಲೂ ಆಗಬಹುದು.

ಕ್ಲಾಂಪ್ ಬ್ರ್ಯಾಕೆಟ್ ಮೇಲಿನ ಪಟ್ಟಿಯಲ್ಲಿರುವ ಮಾಡೆಲ್, ಸೀರಿಯಲ್ ಸಂಖ್ಯೆಯನ್ನು ನೋಂದಣಿ ಪತ್ರಕ್ಕೆ ತಾಳೆ ನೋಡಿ. ಮೇಲಿನ ಕವರ್ ಬದಲಾಯಿಸುವುದು, ಸ್ಟಿಕ್ಕರ್ ಅಂಟಿಸುವುದು ಸುಲಭ. ಕೆಲವು ಕಂಪನಿಗಳ 9.9 ಮತ್ತು 15 ಎಚ್‌ಪಿ ಎಂಜಿನ್‌ಗಳ ಹೊರಮೈಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಮಳೆಗಾಲದ ನಿಷೇಧದಲ್ಲಿ 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆ ಎರಡು ತಿಂಗಳ ದುಡಿಮೆ ನೆಚ್ಚಿ ಕೊಳ್ಳುವವರಿಗೆ ಈ ಸಂಖ್ಯೆ ಬಹಳ ಮುಖ್ಯ.

ಗೇರ್ ಆಯಿಲ್‌ನಿಂದ ಶುರು ಮಾಡಿ. ಕಾಲಿನ ಕೆಳಗಿನ ಸ್ಕ್ರೂ ತುಸು ಸಡಿಲಿಸಿ, ಒಂದು ಚಮಚದಷ್ಟು ಆಯಿಲ್ ಬಿಳಿ ಬಟ್ಟೆಯ ಮೇಲೆ ಬೀಳಲಿ. ಮೊದಲು ನೀರೇ ಬಂದರೆ ಅಥವಾ ಆಯಿಲ್ ಹಾಲು ಕಲಸಿದಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ. ಗಿಲ್‌ನೆಟ್ ದೋಣಿಗಳಲ್ಲಿ ಇದಕ್ಕೆ ಮುಖ್ಯ ಕಾರಣ ಬಲೆಯ ನೂಲು. ಫ್ಯಾನ್‌ಗೆ ಸುತ್ತಿದ ನೂಲು ಶಾಫ್ಟ್‌ನ ಹಿಂದೆ ಸೇರಿ, ಬಿಸಿಗೆ ಕರಗಿ, ಸೀಲಿನ ತುಟಿ ಕೊಯ್ಯುತ್ತದೆ. ಫ್ಯಾನ್ ಬಿಚ್ಚಿಸಿ ನೋಡಿದರೆ ಸುರುಳಿ ಇನ್ನೂ ಅಲ್ಲೇ ಇರಬಹುದು. ಸೀಲ್ ಅಗ್ಗ. ಆದರೆ ನೀರು ಸೇರಿದ ಆಯಿಲ್‌ನಲ್ಲಿ ಎಷ್ಟು ದಿನ ಓಡಿತೋ ಅಷ್ಟು ಬೇರಿಂಗ್, ಗೇರ್ ಸವೆದಿರುತ್ತವೆ. ಅಯಸ್ಕಾಂತ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸಹಜ, ಚೂರುಗಳು ಬಂದರೆ ಗೇರ್ ಒಡೆಯುತ್ತಿದೆ.

ಪ್ಲಗ್‌ಗಳನ್ನೆಲ್ಲ ಬಿಚ್ಚಿ ಕ್ರಮದಲ್ಲಿ ಜೋಡಿಸಿ. ಎಲ್ಲದರ ಬಣ್ಣ ಒಂದೇ ಇರಬೇಕು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ನ ಪ್ಲಗ್ ಸ್ವಲ್ಪ ಕಪ್ಪಿರುವುದು ಸಹಜ. ಒಂದು ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಬಳಿಕ ಕಂಪ್ರೆಶನ್: ಪ್ಲಗ್‌ಗಳೆಲ್ಲ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಕೂರಿಸಿ ಐದಾರು ಸಲ ಹಗ್ಗ ಎಳೆಯಿರಿ. ಪ್ಲಗ್ ವೈರ್‌ಗಳನ್ನು ಬಾಡಿಗೆ ತಾಗಿಸಿಡಿ, ಇಲ್ಲದಿದ್ದರೆ ಇಗ್ನಿಷನ್ ಯೂನಿಟ್‌ಗೆ ಹೊಡೆತ. ಸೀಮೆಎಣ್ಣೆ ಮಾಡೆಲ್‌ಗಳ ಕಂಪ್ರೆಶನ್ ಪೆಟ್ರೋಲ್ ಮಾಡೆಲ್‌ಗಿಂತ ಕಡಿಮೆ, ಹಾಗಾಗಿ ಸಂಖ್ಯೆಗಿಂತ ಸಿಲಿಂಡರ್‌ಗಳ ನಡುವಿನ ಅಂತರ ನೋಡಿ. ನೂರಕ್ಕೆ 10ರೊಳಗಿದ್ದರೆ ಒಳ್ಳೆಯದು, 15 ದಾಟಿದರೆ ಒಳಗೆ ಏನೋ ಸವೆದಿದೆ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ 2ಟಿ (ಟೂ-ಸ್ಟ್ರೋಕ್) ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆತ. ಏರದಿದ್ದರೆ ಗ್ಯಾಸ್ಕೆಟ್ ಅನುಮಾನಿಸಿ.

ಸಮುದ್ರಕ್ಕೆ ಬಿದ್ದು ಎತ್ತಿದ ಎಂಜಿನ್ ಹೊರಗೆ ಎಷ್ಟು ತೊಳೆದು ಬಣ್ಣ ಹೊಡೆದರೂ ಒಳಗೆ ಗುರುತು ಉಳಿಯುತ್ತದೆ. ಕವರ್ ತೆಗೆದು ವೈರಿನ ಕನೆಕ್ಟರ್ ಒಂದೆರಡನ್ನು ಬಿಚ್ಚಿ, ಹಸಿರು ಕಿಲುಬು ಅಥವಾ ಬಿಳಿ ಉಪ್ಪು ಇದೆಯೇ ನೋಡಿ. ಫ್ಲೈವೀಲ್ ಕೆಳಗೆ ಟಾರ್ಚ್ ಬಿಡಿ, ಅಲ್ಲಿನ ತುಕ್ಕು ಯಾರೂ ಒರೆಸಿರುವುದಿಲ್ಲ. ಹೆಡ್ ಬೋಲ್ಟುಗಳ ಸುತ್ತ ಉಪ್ಪು ಕಟ್ಟಿದ್ದರೆ ಸಿಹಿನೀರಿನಲ್ಲಿ ಫ್ಲಶ್ ಮಾಡುವ ರೂಢಿ ಇರಲಿಲ್ಲ, ತಂಪು ನೀರಿನ ದಾರಿಗಳು ಅರ್ಧ ಮುಚ್ಚಿರಬಹುದು. ಸತುವಿನ ಆನೋಡ್ (ಎಂಜಿನ್ ಲೋಹದ ಬದಲು ತಾನು ಸವೆಯಲೆಂದು ಇಟ್ಟ ಗಟ್ಟಿ) ಅರ್ಧ ಸವೆದಿದ್ದರೆ ಅದು ಕೆಲಸ ಮಾಡಿದೆ. ವರ್ಷಗಟ್ಟಲೆ ಹೊಸದರಂತೆಯೇ ಇದ್ದರೆ ಯಾರೋ ಅದರ ಮೇಲೆ ಬಣ್ಣ ಬಳಿದಿದ್ದಾರೆ, ಬದಲಿಗೆ ಎಂಜಿನ್ ಕಾಲೇ ಸವೆದಿರುತ್ತದೆ.

ಚಾಲೂ ಮಾಡುವುದಾದರೆ ನೀರು ತುಂಬಿದ 200 ಲೀಟರ್ ಡ್ರಮ್‌ನಲ್ಲಿ ಕಾಲು ಮುಳುಗಿಸಿ. ಒಣಗಿ ಓಡಿಸಿದರೆ ರಬ್ಬರ್ ಇಂಪೆಲ್ಲರ್ (ತಂಪು ನೀರು ಎತ್ತುವ ಪಂಪಿನ ಚಕ್ರ) ಸ್ವಲ್ಪ ಹೊತ್ತಿನಲ್ಲೇ ಸುಡುತ್ತದೆ. ಪಕ್ಕದ ತೂತಿನಿಂದ ನೀರಿನ ಧಾರೆ ಬೇಗ ಬರಬೇಕು, ಬಂದು ಒಂದೇ ಸಮ ಇರಬೇಕು. ಸೀಮೆಎಣ್ಣೆ ಎಂಜಿನ್ನನ್ನು ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್‌ಗೆ ತಂದು ನಿಲ್ಲಿಸಬೇಕು. ಈ ಮೂರೂ ಬದಲಾವಣೆಯಲ್ಲಿ ಎಂಜಿನ್ ಸದ್ದು ತಪ್ಪುತ್ತದೆಯೇ ಕೇಳಿ. ಮಾರುವವರು ಈ ಕ್ರಮ ಪಾಲಿಸದೆ ನಿಲ್ಲಿಸಿದರೆ ಕಾರ್ಬುರೇಟರ್ ಹೇಗಿರುತ್ತದೆಂದು ಊಹಿಸಬಹುದು.

ನೀರಿನಲ್ಲಿ

ಮೇಲಿನದೆಲ್ಲ ಪಾಸಾದರೆ ಮಾತ್ರ ಇಳಿಸಿ. ಇಳಿಸುವ ಮೊದಲು ದೋಣಿಯ ಒಳತಳವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಫ್ಯಾನ್‌ನ ನಡುಗುಂಬಕ್ಕೂ ರಬ್ಬರ್ ಬುಷ್‌ನ ಒಳಕೊಳವೆಗೂ ಸೇರಿದಂತೆ ಪೇಂಟ್‌ನ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ರಬ್ಬರ್ ಜಾರುತ್ತಿದೆ, ಅಂದರೆ ಎಂಜಿನ್ ತಿರುಗಿದಷ್ಟು ಫ್ಯಾನ್ ತಿರುಗುತ್ತಿಲ್ಲ.

ಖಾಲಿ ದೋಣಿಯ ಓಟ ಏನೂ ಹೇಳುವುದಿಲ್ಲ. ಬಲೆ, ಮಂಜುಗಡ್ಡೆ, ಮೀನು ಸೇರಿ ಎಷ್ಟು ತೂಕ ಹೊರುತ್ತೀರೋ ಅಷ್ಟು ಮರಳು ಚೀಲ ಹಾಕಿ, 40 ಕೆ.ಜಿ.ಯ 20 ಚೀಲವಾದರೆ 800 ಕೆ.ಜಿ. ಮೊದಲು ಹೊಳೆಯಲ್ಲಿ, ಆಮೇಲೆ ಸಮುದ್ರ ಶಾಂತವಿದ್ದರೆ ಅಳಿವೆಯಾಚೆ, ಕನಿಷ್ಠ ಅರ್ಧ ಗಂಟೆ ಓಡಿಸಿ. ಲೈಫ್ ಜಾಕೆಟ್ ಹಾಕಿಯೇ ಹೊರಡಿ, ನೀವು ಪರೀಕ್ಷಿಸುತ್ತಿರುವುದು ಇನ್ನೂ ನಂಬಿಕೆ ಹುಟ್ಟದ ದೋಣಿಯನ್ನು. ಪೂರ್ತಿ ಥ್ರಾಟಲ್‌ನಲ್ಲಿ ಕಂಪನಿ ಹೇಳಿದ ಆರ್‌ಪಿಎಂ ಬರುತ್ತದೆಯೇ ನೋಡಿ. ಬಾರದಿದ್ದರೆ ಎಂಜಿನ್ ಸೋತಿದೆ, ಫ್ಯಾನ್ ಅಳತೆ ತಪ್ಪಿದೆ, ಅಥವಾ ದೋಣಿ ನೀರು ಕುಡಿದು ಭಾರವಾಗಿದೆ. ಮುಂದಕ್ಕೆ ಓಡಿಸುವ ಗೇರ್‌ನಲ್ಲಿ ಭಾರ ಎಳೆಯುವಾಗ ‘ಕಟ್’ ಎಂದು ಹಾರಿ ಮತ್ತೆ ಹಿಡಿದರೆ ಗೇರಿನ ಹಲ್ಲು ಸವೆದು ದುಂಡಗಾಗಿದೆ. ಟ್ರಾನ್ಸಮ್ ಕಡೆ ಕಣ್ಣಿಡಿ, ವೇಗ ಏರಿಸುವಾಗಲೂ ಇಳಿಸುವಾಗಲೂ ಅದು ಅಲುಗಬಾರದು.

ದಡಕ್ಕೆ ಬಂದು ಮತ್ತೆ ಒಳಗೆ ನೋಡಿ. ಎಲ್ಲಿ ನೀರು ಒಸರಿದೆ, ಯಾವ ಪಟ್ಟಿಯ ಬುಡದಿಂದ ಬಂತು ಎಂದು ಗುರುತು ಹಾಕಿ. ಮೇಲಿನಿಂದ ಚಿಮ್ಮಿದ ನೀರು ಎಲ್ಲೆಡೆ ಹರಡಿರುತ್ತದೆ. ತಳದಿಂದ ಬಂದದ್ದು ಒಂದೇ ಗೆರೆಯಾಗಿ ಹರಿದಿರುತ್ತದೆ, ಒರೆಸಿದರೆ ಮತ್ತೆ ಅಲ್ಲೇ ಮೂಡುತ್ತದೆ. ಮೊದಲು ಸೀಮೆಸುಣ್ಣದ ಗುರುತು ಹಾಕಿದ್ದ ಜಾಗಗಳ ಮೇಲೆ ಇನ್ನೊಮ್ಮೆ ಸುತ್ತಿಗೆ ತಟ್ಟಿ. ಮಂಕು ಜಾಗ ಅರ್ಧ ಗಂಟೆಯಲ್ಲಿ ಅಗಲವಾಗಿದ್ದರೆ ಆ ದೋಣಿ ಬೇಡ.

ಹಣ ಕೊಡುವಾಗ

ಜಿಪಿಎಸ್, ಮೀನು ಹುಡುಕುವ ಯಂತ್ರ, ವೈರ್‌ಲೆಸ್, ಲೈಫ್ ಜಾಕೆಟ್, ಲಂಗರು, ಬಲೆ, ಹಗ್ಗ, ಇವು ಒಂದೊಂದೂ ಕರಾರಿನಲ್ಲಿ ಹೆಸರು ಹಿಡಿದು ಇರಲಿ. ಎಲ್ಲ ಸೇರಿದೆ ಎಂಬ ಬಾಯಿಮಾತಿನಿಂದಲೇ ದಕ್ಕೆಯಲ್ಲಿ ಹೆಚ್ಚಿನ ಜಗಳ ಹುಟ್ಟುವುದು. ನೋಂದಣಿ ಸಂಖ್ಯೆ, ಎಂಜಿನ್ ಸೀರಿಯಲ್, ಸಾಲವಿಲ್ಲವೆಂಬ ಹೇಳಿಕೆ, ಕರಾರಿನ ದಿನದವರೆಗಿನ ಬಾಕಿ ದಂಡವೆಲ್ಲ ಮಾರುವವರದೇ ಎಂಬ ಮಾತು, ಇಬ್ಬರು ಸಾಕ್ಷಿಗಳ ಸಹಿ, ಇಷ್ಟೂ ಛಾಪಾ ಕಾಗದದ ಮೇಲೆ ಬರೆಸಿ. ಮುಂಗಡ ಹತ್ತರಲ್ಲೊಂದು ಪಾಲು ಸಾಕು. ಹೆಸರು ಬದಲಾವಣೆಯ ಅರ್ಜಿಗೆ ಇಬ್ಬರೂ ಸಹಿ ಹಾಕಿ ಸಲ್ಲಿಸಿದ ದಿನ ದೊಡ್ಡ ಪಾಲು, ಹೊಸ ಪತ್ರ ಕೈಗೆ ಬಂದ ದಿನ ಉಳಿದದ್ದು. ಹಳೆ ಹೆಸರಿನಲ್ಲೇ ದೋಣಿ ಓಡಿಸುತ್ತಾ ಹೋದರೆ ಕರಾವಳಿ ಪೊಲೀಸರು ತಡೆದಾಗ, ಅವಘಡವಾಗಿ ವಿಮೆ ಕೇಳಿದಾಗ ಇಬ್ಬರಿಗೂ ತೊಂದರೆ. ವಿಮೆ ನಿಮ್ಮ ಹೆಸರಿಗೆ ಆಗುವವರೆಗೂ ದೋಣಿಯನ್ನು ಸಮುದ್ರಕ್ಕೆ ಬಿಡಬೇಡಿ.

ದೋಣಿ ನಿಮ್ಮದಾದ ಮೊದಲ ವಾರವೇ ಗೇರ್ ಆಯಿಲ್, ಇಂಪೆಲ್ಲರ್, ಪ್ಲಗ್, ಇಂಧನದ ಫಿಲ್ಟರ್, ಆನೋಡ್ ಬದಲಿಸಿ, ದಿನಾಂಕ ಬರೆದಿಡಿ. ಟ್ರಾನ್ಸಮ್‌ನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ತೂತು ಒಣಗಿಸಿ, ಮರೈನ್ ಸೀಲಂಟ್ ತುಂಬಿ ಮತ್ತೆ ಬಿಗಿಯಿರಿ.